ಬಿಸಿ ಹಾಲಿಗೆ ಪ್ಲಾಸ್ಟಿಕ್ ಬಾಟಲಿ ಬೇಡ

ಕೇಳುಗರಿಗೆ ನಮಸ್ಕಾರ. ಎಳೆಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ರೇಡಿಯೋ ಕೇಳುತ್ತಿರುವ ಅಮ್ಮಂದಿರು, ಅಜ್ಜಿಯರು ಇದ್ದೀರಿ ಅಲ್ವಾ? ನಿಮಗೆ ಹೇಳಬೇಕಾದ್ದು ಒಂದೇ ಮಾತು. ಪ್ಲಾಸ್ಟಿಕ್ ಬಾಟಲಿಗೆ ಬಿಸಿಯಾದದ್ದನ್ನು ಸುರಿಯಬೇಡಿ.

ಯಾಕೆ ಅಂತ ಹೇಳುತ್ತೇನೆ. 1998ರ ಮಾತು, ಅಮೆರಿಕದ ಓಹಾಯೋದಲ್ಲಿ ನಡೆದದ್ದು. ಪೆಟ್ರೀಷಿಯಾ ಹಂಟ್ ಎಂಬ ವಿಜ್ಞಾನಿ ಇಲಿಗಳ ಅಂಡಾಣು ಪರೀಕ್ಷೆ ಮಾಡುತ್ತಿದ್ದರು. ಆರೋಗ್ಯವಾದ ಇಲಿಗಳಲ್ಲಿ ನೂರಕ್ಕೆ ಒಂದೆರಡು ಅಂಡಾಣುಗಳಲ್ಲಿ ದೋಷ ಕಾಣುವುದು ಮಾಮೂಲು. ಇದ್ದಕ್ಕಿದ್ದಂತೆ ಅದು ನೂರಕ್ಕೆ 40ಕ್ಕೆ ಏರಿತು! ಇಲಿಗಳಿಗೆ ಯಾವ ಔಷಧಿಯನ್ನೂ ಕೊಟ್ಟಿರಲಿಲ್ಲ. ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ಇಲಿಗಳ ಗೂಡು, ನೀರಿನ ಬಾಟಲಿ. ಗಾಜಿನಂತೆ ಹೊಳೆಯುತ್ತಿದ್ದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮಬ್ಬಾಗಿಹೋಗಿತ್ತು. ಕೆಲಸದವರೊಬ್ಬರು ಅವನ್ನು ನೆಲ ತೊಳೆಯುವ ಖಡಕ್ ಸೋಪಿನಲ್ಲಿ ತೊಳೆದಿದ್ದರು. ಪ್ಲಾಸ್ಟಿಕ್ ಸವೆದು, ಅದರೊಳಗಿದ್ದ ಬಿಸ್ಫೆನಾಲ್-ಎ, ಅಂದರೆ ಬಿಪಿಎ, ಇಲಿಗಳ ಹೊಟ್ಟೆ ಸೇರಿತ್ತು. ಇದು ಮೈಯಲ್ಲಿ ಹೆಣ್ಣಿನ ಹಾರ್ಮೋನಿನಂತೆ ಕೆಲಸ ಮಾಡುವ ವಸ್ತು. ಹಂಟ್ ಸುಮ್ನೆ ಬಿಡಲಿಲ್ಲ. ಬೇಕೆಂದೇ ಅದೇ ಸೋಪು ಹಾಕಿ ತೊಳೆದು ನೋಡಿದರು, ಬಿಪಿಎಯನ್ನೇ ಕೊಟ್ಟೂ ನೋಡಿದರು. ಮತ್ತೆ ಅದೇ ತೊಂದರೆ!

ಆ ಕಾಲದಲ್ಲಿ ಮಕ್ಕಳ ಹಾಲಿನ ಬಾಟಲಿಯೂ ಅದೇ ಪ್ಲಾಸ್ಟಿಕ್ಕಿನದು. ಸೋಪು ಮಾಡಿದ ಕೆಲಸವನ್ನು ಕುದಿಯುವ ನೀರೂ ಮಾಡುತ್ತದೆ, ಗೊತ್ತಿರಲಿ. ಕೆನಡಾ 2010ರಲ್ಲಿ, ಯುರೋಪ್ 2011ರಲ್ಲಿ ಅಂಥ ಬಾಟಲಿಗಳನ್ನು ನಿಲ್ಲಿಸಿದವು. ನಮ್ಮ ದೇಶದ ಗುಣಮಟ್ಟ ನಿಗದಿ ಮಾಡುವ ಸಂಸ್ಥೆ ಬಿಐಎಸ್ 2015ರಲ್ಲಿ ಬಾಟಲಿಗೆ ಬಿಪಿಎ ಬೇಡವೆಂದಿತು.

"ನಮ್ಮದು ಬಿಪಿಎ ಫ್ರೀ ಬಾಟಲಿ, ಇನ್ನೇನು ಭಯ?" ಅಂತ ಎಲ್ಲರೂ ಕೇಳುತ್ತಾರೆ. ಈಗಿನ ಬಾಟಲಿಗಳು ಜಾಸ್ತಿ ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್ಕಿನವು. 2020ರಲ್ಲಿ ಐರ್ಲೆಂಡಿನ ಡಬ್ಲಿನ್ನಿನ ವಿಜ್ಞಾನಿಗಳು ಇವನ್ನು ಪರೀಕ್ಷಿಸಿದಾಗ, ಬಾಟಲಿಯ ಒಂದು ಲೀಟರ್ ನೀರಿಗೆ 1 ಕೋಟಿ 60 ಲಕ್ಷದವರೆಗೂ ಪ್ಲಾಸ್ಟಿಕ್ ಕಣಗಳು ಸಿಕ್ಕವು. ನೀರು ಬಿಸಿಯಾದಷ್ಟೂ ಕಣ ಜಾಸ್ತಿ. ನೋಡಿ, ಮತ್ತೆ ಬಿಸಿಯೇ!

ಹೊತ್ತಾಗುತ್ತಿದೆ, ಬೇಗ ಹೇಳಿಬಿಡುತ್ತೇನೆ. ತಾಯಿಹಾಲಿದ್ದರೆ ಈ ಚಿಂತೆಯೇ ಇಲ್ಲ. ಪುಡಿ ಹಾಲು ಕೊಡಲೇಬೇಕಾದರೆ ರೋಗಾಣು ಸಾಯಲು ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು. ಹಾಗಾಗಿ ಸ್ಟೀಲ್ ಲೋಟದಲ್ಲೇ ಕಲಸಿ, ಉಗುರು ಬೆಚ್ಚಗಾಗಲು ಬಿಡಿ. ಆಮೇಲೆ ಬಾಟಲಿಗೆ ಹಾಕಿ. ಬಾಟಲಿಯನ್ನು ಕುದಿಸಿದ ಮೇಲೆ, ಉದುರಿದ ಕಣಗಳು ಹೋಗಲು, ಕಾಯಿಸಿ ಆರಿಸಿದ ನೀರಿನಿಂದ ಮೂರು ಸಲ ಜಾಲಿಸಿ. ಮಬ್ಬಾದ, ಗೀರು ಬಿದ್ದ ಬಾಟಲಿಯನ್ನು ದಯವಿಟ್ಟು ಇಟ್ಟುಕೊಳ್ಳಬೇಡಿ. ಅಷ್ಟೆಲ್ಲ ಯಾಕೆ, ಅಜ್ಜಿಯರೇ, ನಿಮ್ಮ ಮನೆಯಲ್ಲಿ ಬೆಳ್ಳಿಯದೋ ಸ್ಟೀಲಿನದೋ ಒಳಲೆ ಇದೆಯಲ್ಲಾ? ಅದನ್ನು ಹೊರಗೆ ತೆಗೆದು, ತೊಳೆದು, ಕುದಿಸಿ, ಅದರಲ್ಲೇ ಹಾಲು ಕುಡಿಸಿ. ನಮಸ್ಕಾರ.