ಸ್ಕ್ಯಾನ್ ಕವರ್ ಹೊರುವ ಕೆಲಸ ರೋಗಿಯದಾ?

ನಮಸ್ಕಾರ. ಬೆಂಗಳೂರಿನ ಯಾವುದೇ ದೊಡ್ಡಾಸ್ಪತ್ರೆಯ ಓಪಿಡಿ ಮುಂದೆ ಬೆಳಿಗ್ಗೆ ನಿಂತು ನೋಡಿ. ಊರಿಂದ ಬಂದವರ ಕೈಯಲ್ಲಿ ಒಂದು ದೊಡ್ಡ ಕವರ್ ಇರುತ್ತದೆ. ಒಳಗೆ ಸಿಟಿ ಸ್ಕ್ಯಾನ್ ಫಿಲ್ಮ್. ಮಡಚಬಾರದು, ನೆನೆಯಬಾರದು ಅಂತ ರಾತ್ರಿ ಬಸ್ಸಿನಲ್ಲಿ ತೊಡೆ ಮೇಲೇ ಇಟ್ಟುಕೊಂಡು ಬಂದಿರುತ್ತಾರೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಸರಿಯಾಗಿ ಕಾಣ್ತಿಲ್ಲ, ಇನ್ನೊಂದ್ಸಲ ಮಾಡಿಸಿ" ಅಂದರೆ ಮುಗೀತು. ಮತ್ತೆ ದುಡ್ಡು, ಮತ್ತೆ ಕ್ಯೂ. ಮೈಗೆ ಮತ್ತೆ ರೇಡಿಯೇಷನ್ ಬೇರೆ. ಎದೆಯ ಒಂದು ಸಿಟಿ ಅಂದರೆ ಹತ್ತಾರು ಎಕ್ಸ್‌ರೇಗೆ ಸಮ.

ಡಾಕ್ಟರನ್ನು ಬೈಯಬೇಡಿ. ಸಿಟಿ ಯಂತ್ರ ತೆಗೆಯುವುದು ನೂರಾರು ಪದರಗಳನ್ನು. ಒಂದೊಂದು ಪದರವೂ ಸಾಮಾನ್ಯವಾಗಿ ಸುಮಾರು ಅರ್ಧ ಎಂಬಿ. ಮೂಲ ಫೈಲ್ ಇದ್ದರೆ ಅದೇ ಸ್ಕ್ಯಾನನ್ನು ಒಮ್ಮೆ ಮೂಳೆ ಕಾಣುವ ಹಾಗೆ, ಒಮ್ಮೆ ಶ್ವಾಸಕೋಶ ಕಾಣುವ ಹಾಗೆ ಬದಲಿಸಿ ನೋಡಬಹುದು. ಫಿಲ್ಮಿನಲ್ಲಿ ಯಾರೋ ಆರಿಸಿ ಅಚ್ಚು ಹಾಕಿದಷ್ಟೇ ಸಿಗುತ್ತದೆ. ಆ ಫಿಲ್ಮನ್ನೂ ಕಿಟಕಿಗೆ ಹಿಡಿದು, ಫೋಟೊ ಹೊಡೆದು ವಾಟ್ಸಾಪ್ ಮಾಡುವುದು ಅಂದರೆ ಊಟದ ಫೋಟೊ ಕಳಿಸಿ ಉಪ್ಪು ಸರಿಯಾಗಿದೆಯಾ ಅಂತ ಕೇಳಿದ ಹಾಗೆ.

ಫೈಲ್ ಕಳಿಸಲು ದಾರಿ ಇಲ್ಲವಾ? ಇದೆ. ಸ್ಕ್ಯಾನ್ ಫೈಲ್ ಹೇಗಿರಬೇಕು ಅಂತ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ಹಾಕುವ ಡೈಕಾಮ್ ಅನ್ನುವ ಮಾದರಿ ಈ ಹೆಸರಲ್ಲಿ 1993ರಿಂದ ಇದೆ. ಒಂದು ಕಂಪನಿಯ ಯಂತ್ರ ತೆಗೆದಿದ್ದನ್ನು ಇನ್ನೊಂದು ಕಂಪನಿಯ ಕಂಪ್ಯೂಟರ್ ಓದುತ್ತದೆ. ಕೆಲವು ಸೆಂಟರಿನವರು ಸಿಡಿ ಕೊಡುತ್ತಾರೆ, ಪಾಪ. ಈಗ ಸಿಡಿ ಹಾಕುವ ಜಾಗ ಯಾವ ಲ್ಯಾಪ್‌ಟಾಪಿನಲ್ಲಿದೆ ಹೇಳಿ?

ಹಳ್ಳಿ ಕಡೆ ಇದೆಲ್ಲ ಆಗಲ್ಲ ಅನ್ನುವವರು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನೋಡಲಿ. ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಯದೇವದಂಥ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಹೃದಯಾಘಾತ ಖಾತ್ರಿಯಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಇಸಿಜಿ ಚಿಕ್ಕದು, ಸ್ಕ್ಯಾನ್ ನೂರಾರು ಎಂಬಿ, ಒಪ್ಪಿದೆ. ಆದರೆ ಅದೇ ಊರಲ್ಲಿ ಹುಡುಗರು ಮೊಬೈಲಲ್ಲಿ ಇಡೀ ಕ್ರಿಕೆಟ್ ಮ್ಯಾಚ್ ನೋಡುತ್ತಾರಲ್ವಾ?

ಪಾರ್ಶ್ವವಾಯು ಬಡಿದವರಿಗೂ ಇಂಥದೇ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ನೋಡಿ, ಒಳಗೆ ರಕ್ತ ಸೋರಿಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಜಿಲ್ಲಾಸ್ಪತ್ರೆಯಲ್ಲಿ ತೆಗೆದ ಸ್ಕ್ಯಾನ್ ಆಗಲೇ ತಜ್ಞರ ಕಂಪ್ಯೂಟರಿಗೆ ಬಂದಿದ್ದರೆ ಇಂಜೆಕ್ಷನ್ ಅಲ್ಲೇ ಕೊಡಬಹುದಿತ್ತು. ನಾವು ಸುಮ್ನೆ ಆಂಬುಲೆನ್ಸಿನಲ್ಲಿ ಗಂಟೆ ಕಳೆಯುತ್ತೇವೆ.

ಖಾಸಗಿ ವಿಷಯ ಬಯಲಾಗುತ್ತದೆ ಅನ್ನುವ ಆಕ್ಷೇಪ ಇದೆ. ರೋಗಿಯ ಹೆಸರಿರುವ ಫಿಲ್ಮಿನ ಫೋಟೊ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುವಾಗ ಈ ಆಕ್ಷೇಪ ಎಲ್ಲಿ ಹೋಗಿರುತ್ತದೋ! ಯಾರು, ಯಾವಾಗ ನೋಡಿದರು ಅಂತ ದಾಖಲಾಗುವ ವ್ಯವಸ್ಥೆ ಅದಕ್ಕಿಂತ ವಾಸಿ.

ಸರ್ಕಾರ ಸ್ಕ್ಯಾನಿಂಗಿಗೆ ಟೆಂಡರ್ ಕರೆಯುವಾಗಲೇ ಹೇಳಲಿ: ಫೈಲ್ ಕಳಿಸದಿದ್ದರೆ ಬಿಲ್ ಪಾಸಾಗಲ್ಲ. ಅಲ್ಲಿವರೆಗೆ ನೀವು ಕೌಂಟರಿನಲ್ಲಿ ಡೈಕಾಮ್ ಫೈಲ್ ಕೊಡಿ ಅಂತ ಕೇಳಿ. ಪೆನ್‌ಡ್ರೈವಲ್ಲಿ ವೈರಸ್ ಇರುತ್ತೆ ಅಂತ ಗೊಣಗಿದರೆ ಲಿಂಕ್ ಕೇಳಿ.