ವಾರಕ್ಕೆ ನಾಲ್ಕು ಹೆರಿಗೆ, ಮನೆಯಲ್ಲಿ ತುಂಬು ಸಂಸಾರ: ಸೂಲಗಿತ್ತಿ ನರಸಮ್ಮನವರ ನೆನಪು

ಎಲ್ಲರಿಗೂ ನಮಸ್ಕಾರ.

ನರ್ಸಿಂಗ್ ಓದುವವರ ಮುಂದೆ ಸೂಲಗಿತ್ತಿ ನರಸಮ್ಮನವರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಅವರ ಬಗ್ಗೆ ನಮಗೆಲ್ಲ ಗೊತ್ತಿರುವುದು ಒಂದೇ ಮಾತು: 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಒಂದು ಪೈಸೆ ಮುಟ್ಟಲಿಲ್ಲ. ಕೇಳ್ತೀವಿ, ಚಪ್ಪಾಳೆ ಹೊಡೀತೀವಿ, ಎದ್ದು ಹೋಗ್ತೀವಿ. ಇವತ್ತು ಸ್ವಲ್ಪ ಕೂತು ಲೆಕ್ಕ ಹಾಕೋಣ.

ಅದು ಸುಮಾರು 70 ವರ್ಷದ ಕೆಲಸ. ವರ್ಷಕ್ಕೆ 200ಕ್ಕಿಂತ ಜಾಸ್ತಿ ಆಯಿತು. ಅಂದರೆ ವಾರಕ್ಕೆ ಹೆಚ್ಚೂಕಡಿಮೆ ನಾಲ್ಕು. ಚೊಚ್ಚಲು ಹೆರಿಗೆ ಆದರೆ ಒಂದು ಹಗಲು, ಒಂದು ರಾತ್ರಿ ಎಳೆದರೂ ಎಳೆಯಿತು. ನಡುರಾತ್ರಿ ಬಾಗಿಲು ಬಡಿದರೆ ಹೋಗಲೇಬೇಕು. ಇತ್ತ ಅವರ ಮನೆಯಲ್ಲಿ? ಅವರೇ ಹೆತ್ತಿದ್ದು 12 ಮಕ್ಕಳನ್ನು. ನಾಲ್ಕು ಚಿಕ್ಕಂದಿನಲ್ಲೇ ತೀರಿಕೊಂಡವು. ಊರಿನವರ ಮಗು ಕೈಗೆ ಬರುವ ಹೊತ್ತಿಗೆ ತನ್ನ ಮಗುವಿಗೆ ಗಂಜಿ ಕುಡಿಸಿದ್ದು ಯಾರು? ದೊಡ್ಡ ಮಗಳೋ, ಅತ್ತೆಯೋ, ಪಕ್ಕದ ಮನೆಯವಳೋ. ನಾವು ಅದನ್ನು ಕೇಳುವುದೇ ಇಲ್ಲ. ಒಬ್ಬಳು ಆರೈಕೆಗೆ ಹೊರಟಳು ಅಂದರೆ ಅವಳ ಹಿಂದೆ ಇನ್ನೊಬ್ಬಳು ನಿಂತಿರುತ್ತಾಳೆ, ಅಲ್ವಾ? ಆ ಇನ್ನೊಬ್ಬಳಿಗೆ ಯಾವ ಪ್ರಶಸ್ತಿಯೂ ಇಲ್ಲ.

ನರಸಮ್ಮ ಹುಟ್ಟಿದ್ದು 1920ರಲ್ಲಿ, ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ. ನಕ್ಷೆ ತೆಗೆದು ನೋಡಿ, ಪಾವಗಡದ ಸುತ್ತ ಹೆಚ್ಚಿನ ಕಡೆ ಆಂಧ್ರವೇ. ಅವರ ಮನೆಮಾತೂ ತೆಲುಗು. ಮಳೆ ಕಡಿಮೆ, ಬಿಸಿಲು ಧಾರಾಳ. ಈಗ ಅಲ್ಲಿ ಸಾವಿರಾರು ಎಕರೆ ಸೋಲಾರ್ ಪಾರ್ಕ್ ಇದೆ. ಅವರ ಕಾಲದಲ್ಲಿ ರಾತ್ರಿ ಹೆರಿಗೆಗೆ ಬುಡ್ಡಿ ದೀಪವೇ ಗತಿ. ಓದು ಬರಹ ಇಲ್ಲ. 12ನೇ ವಯಸ್ಸಿಗೆ ಆಂಜಿನಪ್ಪನವರ ಜೊತೆ ಮದುವೆ. ಹೆರಿಗೆ ಮಾಡಿಸುವ ವಿದ್ಯೆ ಕಲಿಸಿದ್ದು ಅಜ್ಜಿ ಮರಿಗೆಮ್ಮ. ನರಸಮ್ಮನ ಐದು ಹೆರಿಗೆ ಮಾಡಿಸಿದ್ದೂ ಅದೇ ಅಜ್ಜಿ. ಅಂದರೆ ಈಯಮ್ಮ ಪಾಠ ಕಲಿತಿದ್ದು ನೋಡಿ ಅಷ್ಟೇ ಅಲ್ಲ, ತಾನೇ ನೋವು ತಿಂದು. 1940ರಲ್ಲಿ, 20ರ ವಯಸ್ಸಿನಲ್ಲಿ, ಸಂಬಂಧಿಕರೊಬ್ಬರ ಹೆರಿಗೆಗೆ ಮೊದಲ ಸಲ ಕೈ ಹಚ್ಚಿದರು. ಆಮೇಲೆ ಊರಿಗೆ ಬಂದು ಬಿಡಾರ ಹೂಡುತ್ತಿದ್ದ ಅಲೆಮಾರಿ ಜನರಿಂದ ಬೇರು, ಸೊಪ್ಪಿನ ಔಷಧಿ ತಿಳಿದುಕೊಂಡರು.

ಸೂಲಗಿತ್ತಿ ಅಂದರೆ ಮಗು ಹಿಡಿದುಕೊಳ್ಳುವವಳು ಅಷ್ಟೇ ಅಂತ ನಿಮ್ಮಲ್ಲಿ ಕೆಲವರು ಅಂದುಕೊಂಡಿರಬಹುದು. ಅದು ಅರ್ಧ ಗಂಟೆಯ ಕೆಲಸ. ಉಳಿದದ್ದು ಕೇಳಿ. ಹೊಟ್ಟೆಗೆ ಹರಳೆಣ್ಣೆ ಸವರಿ ಮಗುವಿನ ತಲೆ ಎಲ್ಲಿದೆ ಅಂತ ಕೈಯಲ್ಲೇ ನೋಡಬೇಕು. ಸೊಂಟ ನೀವಬೇಕು. "ಇನ್ನೇನು ಆಯ್ತು ಕಣವ್ವ, ಇನ್ನೊಂದು ಸಲ ಮುಕ್ಕು" ಅಂತ ನೂರು ಸಲ ಹೇಳಬೇಕು. ಮಗು ಬಂದ ಮೇಲೂ ಏಳುವ ಹಾಗಿಲ್ಲ, ಕಸ, ಅಂದರೆ ಮಾಸು, ಬೀಳುವ ತನಕ ಕಾಯಬೇಕು. ಹೊಕ್ಕುಳಬಳ್ಳಿ ಕೊಯ್ದು, ಬಾಣಂತಿಗೆ ಸುಡುನೀರು ಹೊಯ್ದು, ಹಳೇ ಸೀರೆಯಿಂದ ಹೊಟ್ಟೆ ಬಿಗಿದು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆದು, ಲೋಬಾನದ ಹೊಗೆ ಕೊಟ್ಟು ಮಲಗಿಸಬೇಕು. ನಾಳೆ ಮತ್ತೆ ಬರಬೇಕು. ನಾಡಿದ್ದೂ ಬರಬೇಕು.

ಇಷ್ಟು ಹೇಳಿದ ತಕ್ಷಣ "ಹಳೇ ಕಾಲವೇ ಚೆನ್ನಾಗಿತ್ತು" ಅನ್ನುವವರು ಹುಟ್ಟಿಕೊಳ್ಳುತ್ತಾರೆ. ನಾನು ಅವರ ಪೈಕಿ ಅಲ್ಲ. ರಕ್ತಸ್ರಾವ ನಿಲ್ಲದೆ ಹೋದರೆ ಎಂಥ ಕೈಗುಣವೂ ಕೆಲಸಕ್ಕೆ ಬರುವುದಿಲ್ಲ. 2001-03ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆ, 108 ಆಂಬುಲೆನ್ಸ್, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು, ಎಲ್ಲರ ಪಾಲೂ ಇದರಲ್ಲಿದೆ. ನೀವು ಓದುತ್ತಿರುವ ವಿದ್ಯೆ ಜೀವ ಉಳಿಸಿದೆ. ಇದರಲ್ಲಿ ಅನುಮಾನ ಬೇಡ.

ಪ್ರಶಸ್ತಿಗಳ ವಿಷಯ ಬೇಗ ಮುಗಿಸುತ್ತೇನೆ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು, 98 ವರ್ಷ. ಕೂಲಿ ಇಲ್ಲದೆ ಮಾಡಿದ್ದಕ್ಕೆ ದೇಶ ಹೊಗಳಿತು, ಸರಿ. ಆದರೆ ಅಷ್ಟು ವರ್ಷ ಅವರಿಗೆ ಕೂಲಿ ಕೊಡಬೇಕು ಅಂತ ಯಾಕೆ ಯಾರಿಗೂ ಅನ್ನಿಸಲಿಲ್ಲ? ಹೆಂಗಸರು ಮಾಡಿದರೆ ಸೇವೆ ಅಂದು ಸುಮ್ನೆ ಇದ್ದುಬಿಡುವುದು ನಮಗೆ ಬಹಳ ಸಲೀಸು.

ಇನ್ನೊಂದು ವಿಷಯ, ನಿಮಗೆ ನೇರವಾಗಿ ಸಂಬಂಧಪಟ್ಟದ್ದು. ಆಸ್ಪತ್ರೆಗೆ ಬಂದಾಗ ನಾವು ಜೀವ ಉಳಿಸಿಕೊಂಡೆವು, ನಿಜ. ಆದರೆ ರಾತ್ರಿಯಿಡೀ ಪಕ್ಕದಲ್ಲಿ ಕೂತು ಸೊಂಟ ನೀವುತ್ತಿದ್ದವಳನ್ನು ಬಾಗಿಲಾಚೆ ಬಿಟ್ಟು ಬಂದೆವು. ಒಬ್ಬ ನರ್ಸ್‌ಗೆ ನಾಲ್ಕಾರು ಹಾಸಿಗೆ ಇರುವಾಗ ಯಾರ ಪಕ್ಕ ಅಂತ ಕೂರುತ್ತಾಳೆ, ಪಾಪ? ಸರ್ಕಾರಕ್ಕೂ ಇದು ಗೊತ್ತಾಗಿದೆ. 2017ರ ಕೊನೆಗೆ ಶುರುವಾದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಯೊಳಗೆ ತಾಯಿಗೆ ಬೇಕಾದವರೊಬ್ಬರು ಜೊತೆಗಿರಲು ಅವಕಾಶವಿದೆ. ಕಾಗದದ ಮೇಲಂತೂ ಇದೆ. ಎಲ್ಲಿ ಒಳಗೆ ಬಿಡುತ್ತಾರೆ, ಎಲ್ಲಿ ಗದರಿಸಿ ಕಳಿಸುತ್ತಾರೆ ಅನ್ನೋದು ಪೋಸ್ಟಿಂಗ್‌ಗೆ ಹೋಗಿ ಬಂದ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ಕೇಳೋಣ ಅಂತಲೇ ಸ್ವಲ್ಪ ಸಮಯ ಉಳಿಸಿಕೊಂಡಿದ್ದೇನೆ. ಮೈಕ್ ಆ ಕಡೆ ಕೊಡಿ. ಮೂರನೇ ಸಾಲಿನಲ್ಲಿ ಆಗಲೇ ಒಬ್ಬರು ಕೈ ಎತ್ತಿದ್ದಾರೆ.