ನಮ್ಮ ಫ್ಲೆಕ್ಸ್ ಮಾತ್ರ ಯಾಕೆ ಕಿತ್ತಿರಿ?

ಕೇಳುಗರೇ, ನಮಸ್ಕಾರ. ದಾವಣಗೆರೆಯ ಗಾಂಧಿ ಸರ್ಕಲ್ಲಿನಲ್ಲೋ ಜಯದೇವ ಸರ್ಕಲ್ಲಿನಲ್ಲೋ ಒಮ್ಮೆ ತಲೆ ಎತ್ತಿ ನೋಡಿ. ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್, ಅದರ ಕೆಳಗೆ ಶುಭ ಕೋರುವವರ ಮುಖಗಳ ಸಾಲು. ಹುಟ್ಟಿದವರಿಗಿಂತ ಕೋರುವವರೇ ಜಾಸ್ತಿ! ಪಾಲಿಕೆಯವರು ಇದನ್ನು ಬಿಚ್ಚಿದರೆ ಸಾಕು, ಜಗಳ ಶುರು. 'ನಮ್ಮದನ್ನ ಮಾತ್ರ ಯಾಕೆ ಕಿತ್ತಿರಿ, ಅವರದ್ದು ಹಾಗೇ ಇದೆಯಲ್ಲ?'

ಸುಮ್ನೆ ಕೂಗಾಟ ಅನ್ನಬೇಡಿ. ಕೋರ್ಟಿನಲ್ಲೂ ತೂಕ ಇರುವ ಪ್ರಶ್ನೆ ಇದು.

ಬಿಚ್ಚುವ ಅಧಿಕಾರ ಪಾಲಿಕೆಗೆ ಇದೆ, ಅದರಲ್ಲಿ ಅನುಮಾನ ಬೇಡ. ಕರ್ನಾಟಕ ನಗರಪಾಲಿಕೆಗಳ ಕಾಯ್ದೆ, 1976ರ ಪ್ರಕಾರ ಜಾಹೀರಾತು ಹಾಕಲು ಆಯುಕ್ತರ ಲಿಖಿತ ಅನುಮತಿ ಬೇಕು. ಊರಿನ ಅಂದ ಕೆಡಿಸುವವರಿಗೆಂದೇ ರಾಜ್ಯದಲ್ಲಿ 1981ರ ಇನ್ನೊಂದು ಕಾಯ್ದೆ ಇದೆ: ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿಗೆ ಈಗ ಯಾರು ಹೆದರುತ್ತಾರೆ ಹೇಳಿ. ಚುನಾವಣೆ ಘೋಷಣೆಯಾದರೆ ಮಾತ್ರ ಎಲ್ಲರಿಗೂ ಚುರುಕು ಬರುತ್ತದೆ. ಸರ್ಕಾರಿ ಕಟ್ಟಡಗಳಿಂದ 24 ಗಂಟೆಯಲ್ಲಿ, ಕಂಬ, ಸೇತುವೆ, ಬಸ್ ನಿಲ್ದಾಣದಂಥ ಸಾರ್ವಜನಿಕ ಜಾಗಗಳಿಂದ 48 ಗಂಟೆಯಲ್ಲಿ ಎಲ್ಲ ಪಕ್ಷದ್ದೂ ಇಳಿಯಬೇಕು.

ಇದೇ ಜಗಳ ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1979ರಲ್ಲಿ ಲಾಸ್ ಏಂಜಲೀಸ್‌ನ ನಗರ ಮಂಡಳಿಗೆ ನಿಂತಿದ್ದ ರೋಲಂಡ್ ವಿನ್ಸೆಂಟ್ ಅವರ ಬೆಂಬಲಿಗರು ಕಂಬಗಳಿಗೆ ರಟ್ಟಿನ ಬೋರ್ಡು ಕಟ್ಟಿಸಿದ್ದರು, ನಗರದವರು ಕಿತ್ತುಹಾಕಿದರು, ಇದು ನಮ್ಮ ವಾಕ್ ಸ್ವಾತಂತ್ರ್ಯಕ್ಕೆ ಪೆಟ್ಟು ಅಂತ ಅವರು ಕೋರ್ಟಿಗೆ ಹೋದರು. 1984ರಲ್ಲಿ ತೀರ್ಪು ಬಂತು: ಆರು ನ್ಯಾಯಮೂರ್ತಿಗಳು ನಗರದ ಪರ, ಮೂವರು ವಿರುದ್ಧ. ಲೆಕ್ಕ ನೋಡಿ. ಪ್ರಚಾರದ ಒಂದೇ ವಾರದಲ್ಲಿ ಅಲ್ಲಿ ಕಿತ್ತದ್ದು 1,207 ಬೋರ್ಡು, ಅದರಲ್ಲಿ ವಿನ್ಸೆಂಟ್ ಅವರದ್ದು ಅಂತ ಗುರುತಾದದ್ದು 48. ಉಳಿದವು ಬೇರೆಯವರದ್ದು. ಬೋರ್ಡಿನಲ್ಲಿ ಏನು ಬರೆದಿದೆ ಅಂತ ನೋಡದೆ ನಿಯಮ ಎಲ್ಲರಿಗೂ ಒಂದೇ ಇತ್ತು, ಜನರಿಗೆ ಮಾತು ಮುಟ್ಟಿಸಲು ಕರಪತ್ರ, ಭಾಷಣದಂಥ ಬೇರೆ ದಾರಿಗಳೂ ಇದ್ದವು. ಅದಕ್ಕೇ ನಗರ ಗೆದ್ದಿತು. ಬರೀ ಅವರ 48 ಅನ್ನೇ ಹುಡುಕಿ ಕಿತ್ತಿದ್ದರೆ ಕಥೆ ಬೇರೆಯಾಗುತ್ತಿತ್ತು, ಅಲ್ವಾ?

ನಮ್ಮ ಸಂವಿಧಾನದ 14ನೇ ವಿಧಿ ಹೇಳುವ ಸಮಾನತೆಯೂ ಇದೇ ತಾನೇ. ಹಾಗಾಗಿ ನಿಮ್ಮ ಸಂಘದ ಬ್ಯಾನರ್ ಕಿತ್ತರೆ ಲಾರಿಗೆ ಅಡ್ಡ ಮಲಗಬೇಡಿ. ಅನುಮತಿ ಪತ್ರ ಇದ್ದರೆ ತೋರಿಸಿ. ಇಲ್ಲದಿದ್ದರೆ ಅದೇ ರಸ್ತೆಯಲ್ಲಿ ಉಳಿದ ಫ್ಲೆಕ್ಸ್‌ಗಳ ಫೋಟೋ ತೆಗೆದು, ದಿನಾಂಕ ಹಾಕಿ, ಆಯುಕ್ತರಿಗೆ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ನಿಮ್ಮದು ಮತ್ತೆ ಕಂಬ ಏರಲಿಕ್ಕಿಲ್ಲ, ಆದರೆ ಪಕ್ಕದ್ದು ಇಳಿಯಬಹುದು. ನಮಸ್ಕಾರ.